ಶಟ್ಟೆಪ್ಪನ ಮನೆಯ ಕಿರಗುಟ್ಟುವ ಕಪಾಟು

ಬೈಲಹೊಂಗಲದ ನಮ್ಮ ಓಣಿಯ ಶಟ್ಟೆಪ್ಪನ ಮನೆಗೆ ಪುಸ್ತಕದ ಕಪಾಟು ಬಂದದ್ದು ಬಸ್ಸಿನ ಟಾಪಿನ ಮೇಲೆ, ಬಿಡಿಬಿಡಿಯಾಗಿ. ಎಪ್ಪತ್ತಾರನೆಯ ಇಸವಿ, ಮಳೆಗಾಲ ಇನ್ನೇನು ಶುರುವಾಗುವುದಿತ್ತು. ಮಗ ಲಗಮಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಏನೋ ಕೆಲಸದ ಮೇಲೆ ಬೆಳಗಾವಿಗೆ ಹೋದವನು ಅಲ್ಲಿಯ ಒಂದು ಅಂಗಡಿಯಲ್ಲಿ ಅದನ್ನು ನೋಡಿ ಮನಸೋತ. ಉದ್ದಕ್ಕೂ ತೂತಿರುವ ನಾಲ್ಕು ಕಬ್ಬಿಣದ ಕಾಲು, ತಗಡಿನ ಹಲಗೆಗಳು, ಒಂದು ಚೀಲ ನಟ್ಟು ಬೋಲ್ಟು. ಮನೆಗೆ ಒಯ್ದು ನಾವೇ ಜೋಡಿಸಿಕೊಳ್ಳಬೇಕು. ಬಡಿಗನ ಹಂಗೇ ಇಲ್ಲ ಎಂದು ಅಂಗಡಿಯವನು ಹೇಳಿದಾಗ, ಇದನ್ನು ಮಾಡಿದವರು ತನ್ನನ್ನೇ ನೆನೆದು ಮಾಡಿದ್ದಾರೆ ಎಂದು ಲಗಮಣ್ಣನಿಗೆ ಅನ್ನಿಸಿಬಿಟ್ಟಿತು.

ಕಪಾಟು ಬೇಕಾದದ್ದು ಅವನ ಹೆಂಡತಿ ಕೆಂಪವ್ವನಿಗೆ. ರಾಮದುರ್ಗದ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ದಾಟಿ ಇಂಗ್ಲಿಷಿನಲ್ಲಿ ಎಡವಿದ್ದಳು. ಮದುವೆಯಾದ ಮೇಲೆ ಮತ್ತೆ ಕಟ್ಟಿ, ಮತ್ತೆ ಅಲ್ಲೇ ಎಡವಿದ್ದಳು. ಪಾಸಾದರೆ ಸಂಪಗಾಂವದ ಬಾಲವಾಡಿಯಲ್ಲಿ ಕೆಲಸ ಸಿಗುವ ಮಾತಿತ್ತು. ಅವಳ ಪುಸ್ತಕಗಳು ಜೋಳದ ಚೀಲದ ಮೇಲೆ ಇರುತ್ತಿದ್ದವು. ಇಲಿಗಳು ಜೋಳಕ್ಕೆ ಬಂದು ಪುಸ್ತಕವನ್ನೂ ರುಚಿ ನೋಡಿ ಹೋಗುತ್ತಿದ್ದವು. ಅತ್ತೆ ತಾಯವ್ವ ಮಾತ್ರ ಖಡಾಖಂಡಿತ ಹೇಳಿಬಿಟ್ಟಿದ್ದಳು.

"ಅಕ್ಟೋಬರದಾಗ ಇನ್ನೊಂದ ಸಲ ಕಟ್ಟವಾ. ಈ ಸಲಾನೂ ಆಗಲಿಲ್ಲಂದ್ರ ಪುಸ್ತಕಾ ಎಲ್ಲಾ ಗಂಟ ಕಟ್ಟಿ ಅಟ್ಟದ ಮ್ಯಾಲ ಇಡೂದು. ಆಮ್ಯಾಲ ಪರೀಕ್ಷಾ ಅನ್ನೂ ಮಾತ ಈ ಮನ್ಯಾಗ ಬರಬಾರದು."

"ಹೂಂ ಅತ್ತಿ," ಎಂದಿದ್ದಳು ಕೆಂಪವ್ವ.

ಒಂದು ರವಿವಾರ ಲಗಮಣ್ಣ ಹೊರಗಿನ ಖೋಲಿಯಲ್ಲಿ ಕಟ್ಟು ಬಿಚ್ಚಿದ. ಕಟ್ಟಿನ ಮೇಲೆ ಎರಡು ಉದ್ದನೆಯ ಚಪ್ಪಟೆ ಕಬ್ಬಿಣದ ಪಟ್ಟಿಗಳನ್ನಿಟ್ಟು ಹಗ್ಗದಿಂದ ಬಿಗಿದಿದ್ದರು. ಹಗ್ಗ ಬಿಚ್ಚಿದ ಕೂಡಲೇ ಅವು ಠಣ್ಣೆಂದು ನೆಲಕ್ಕೆ ಬಿದ್ದವು. ತಾಯವ್ವ ಹಗ್ಗವನ್ನೂ ಪಟ್ಟಿಗಳನ್ನೂ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಪೇಟೆಯಿಂದ ಏನೇ ಬರಲಿ, ಸಾಮಾನು ತಂದವರಿಗೆ, ಕಟ್ಟಿದ ಹಗ್ಗ, ಸುತ್ತಿದ ಕಾಗದ, ತುಂಬಿದ ಚೀಲ ತಾಯವ್ವನಿಗೆ. ಅದು ಆ ಮನೆಯ ಕಾಯ್ದೆ, ಯಾರೂ ತಕರಾರು ಮಾಡುತ್ತಿರಲಿಲ್ಲ.

ಊಟದ ಹೊತ್ತಿಗೆ ಕಪಾಟು ಎದೆಮಟ್ಟ ಎದ್ದು ನಿಂತಿತು. ಶಟ್ಟೆಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಬಾಗಲಾನ ಇಲ್ಲಲ್ಲೋ. ಇದಕ್ಕ ಕಪಾಟ ಅಂತಾರೇನು?"

"ಈಗಿನ ಕಪಾಟ ಹಿಂಗ ಇರತಾವಪಾ."

"ಮತ್ತ ಈ ನಾಕ ಬೋಲ್ಟ ಉಳದಾವಲ್ಲ?"

"ಹೆಚ್ಚಿಂದ ಕೊಟ್ಟಿರತಾರ. ಬಸ್ಸಿನ ಇಂಜಿನ್ ಬಿಚ್ಚಿ ಕೂಡಿಸಿದ್ರ ಒಂದ ಡಬ್ಬಿ ಉಳೀತಾವ."

"ಅದಕ್ಕ ನಿಮ್ಮ ಬಸ್ಸ ಹಂಗ ಓಡತಾವ," ಎಂದ ಶಟ್ಟೆಪ್ಪ. ನಾಲ್ಕು ಬೋಲ್ಟುಗಳು ಗೋಡೆಯ ಗೂಡಿನಲ್ಲಿ ಕೂತವು.

ಕಪಾಟಿನ ನೆತ್ತಿಯ ಮೇಲೆ ಶಟ್ಟೆಪ್ಪ ತಾನೇ ಬಾಬಾಸಾಹೇಬರ ಫೋಟೋ ಒರೆಸಿ ಇಟ್ಟ. ಕೆಳಗೆ ಕೆಂಪವ್ವ ಪುಸ್ತಕ ಜೋಡಿಸಿದಳು. ಮದುವೆಯಲ್ಲಿ ಅಣ್ಣ ಕೊಟ್ಟ ಕಾದಂಬರಿಗಳು, ಗಣಿತ, ಸಮಾಜ, ಮೂಲೆ ತಿಂದುಹೋದ ಇಂಗ್ಲಿಷ್. ಎಷ್ಟು ಖುಷಿಯಾಗಿತ್ತೆಂದರೆ ಜೋಡಿಸಿದ ಮೇಲೂ ಸುಮ್ಮನೆ ಒಂದನ್ನು ಹೊರಗೆ ಎಳೆದಳು.

ಕಿರ್‍ರ್.

ಎಲ್ಲರೂ ತಿರುಗಿ ನೋಡಿದರು. ಕೆಂಪವ್ವ ಗಾಬರಿಯಾಗಿ ಪುಸ್ತಕ ಒಳಗೆ ತಳ್ಳಿದಳು. ಮತ್ತೆ ಕಿರ್‍ರ್. ಕಪಾಟು ಎಡಕ್ಕೆ ಒಂದಿಷ್ಟು ವಾಲಿ, ಬಲಕ್ಕೆ ಒಂದಿಷ್ಟು ವಾಲಿ ನಿಂತಿತು. ಫೋಟೋ ನಡುಗಿತು.

"ಹೊಸಾದ ಐತಿ, ಕುಂದರಬೇಕು," ಎಂದ ಲಗಮಣ್ಣ.

"ಎಣ್ಣಿ ಕೇಳಾಕ ಹತ್ತೇತಿ," ಎಂದ ಶಟ್ಟೆಪ್ಪ.

ಇಲ್ಲಿ ಶಟ್ಟೆಪ್ಪನ ವಿಷಯ ಹೇಳಬೇಕು. ಅವನು ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಜೀವಮಾನವಿಡೀ ಯಂತ್ರಗಳಿಗೆ ಎಣ್ಣೆ ಬಿಟ್ಟವನು. ಕೆಲಸ ಬಿಡುವ ದಿನ ಮಾಲೀಕರು ಶಾಲು ಹೊದಿಸಲು ಬಂದರೆ, "ಶಾಲ ಬ್ಯಾಡ್ರಿ, ನನ್ನ ಕುಪ್ಪಿ ಕೊಡ್ರಿ" ಎಂದು ಉದ್ದ ಮೂತಿಯ ಎಣ್ಣೆಕುಪ್ಪಿಯನ್ನು ಕೇಳಿ ತಂದಿದ್ದ. ಅಂದಿನಿಂದ ಆ ಮನೆಯಲ್ಲಿ ಬಾಗಿಲು, ಗಾಲಿ, ತೊಟ್ಟಿಲು ಯಾವುದಕ್ಕೂ ಬಾಯಿ ತೆರೆಯುವ ಧೈರ್ಯ ಇರಲಿಲ್ಲ. ಕುಪ್ಪಿ ಇಟ್ಟುಕೊಂಡು ಕೂತಿದ್ದವನಿಗೆ ಈ ಕಪಾಟು ಹಬ್ಬವಾಯಿತು.

ಲಗಮಣ್ಣನ ನಂಬಿಕೆ ಬೇರೆ. ಅವನ ಪ್ರಕಾರ ಜಗತ್ತಿನ ಸಕಲ ಸಪ್ಪಳಕ್ಕೂ ಸಡಿಲಾದ ನಟ್ಟೇ ಮೂಲ, ಪಾನಾ ಹಾಕಿ ತಿರುವುವುದೇ ಮದ್ದು. ಬೆಳಿಗ್ಗೆ ಅವನು ಡಿಪೋಕ್ಕೆ ಹೋಗುವ ಮೊದಲು ಒಂದೊಂದೇ ನಟ್ಟು ಬಿಗಿಯುತ್ತಿದ್ದ. ಅವನು ಓಣಿ ದಾಟಿದ ಮೇಲೆ ಅಪ್ಪ ಬಂದು ಪ್ರತಿ ನಟ್ಟಿಗೂ ಎಣ್ಣೆ ಬಿಡುತ್ತಿದ್ದ. ಸಂಜೆ ಮಗನ ಪಾನಾ ಎಣ್ಣೆಯಲ್ಲಿ ಜಾರುತ್ತಿತ್ತು. ಮರುದಿನ ಅಪ್ಪನ ಎಣ್ಣೆ ಬಿಗಿದ ನಟ್ಟಿನೊಳಗೆ ಇಳಿಯದೆ ಹಲಗೆಯ ಮೇಲೆ ಹರಿಯುತ್ತಿತ್ತು. ಕಪಾಟು ಇಬ್ಬರಿಗೂ ಮರ್ಯಾದೆ ಕೊಡದೆ ತನ್ನ ಪಾಡಿಗೆ ಕಿರಗುಟ್ಟುತ್ತಿತ್ತು.

"ಯಪ್ಪಾ, ಎಣ್ಣಿ ಬಿಟ್ರ ನಟ್ಟ ಬಿಚಗೋತಾವ."

"ನೀ ಹಂಗ ಒತ್ತಿ ಬಿಗದ್ರ ಅದರ ಕುತ್ತಗಿ ಹಿಚಕಿದಂಗ ಆಗತೈತಿ. ಒದರದ ಏನ ಮಾಡೀತು?"

"ಅದೇನ ಕೋಳೀನ?"

"ಸುಮ್ನ ಉಣ್ರಿ ಇಬ್ಬರೂ," ಎಂದಳು ತಾಯವ್ವ, ರೊಟ್ಟಿ ಹಾಕುತ್ತ.

ರೊಟ್ಟಿಯ ಮಾತು ಬಂದದ್ದೂ ಇಂಥ ಒಂದು ಊಟದಲ್ಲೇ. ಶಟ್ಟೆಪ್ಪ ಪುಂಡಿಪಲ್ಲೆ ಹಚ್ಚಿಕೊಂಡು ತಿನ್ನುತ್ತಿದ್ದವನು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದ.

"ಈಗೀಗ ರೊಟ್ಟಿ ಭಾಳ ಛಲೋ ಬರಾಕ ಹತ್ತ್ಯಾವ ನೋಡು. ಮೊದಲ ಒಂದ ಕಡೆ ಕರ್‍ರಗ, ಒಂದ ಕಡೆ ಹಸೀದ ಇರತಿತ್ತು."

"ಕೈಗುಣಾ," ಎಂದಳು ತಾಯವ್ವ.

ಕೈಗುಣ ಇದ್ದದ್ದೇ, ಆದರೆ ಪೂರ್ತಿ ಕೈಯದಲ್ಲ. ಅವಳ ಮಣ್ಣಿನ ಒಲೆಯ ಬಾಯಿಯ ಮೇಲೆ ಹಂಚು ಕೂರುವುದಕ್ಕೆ ಮೂರು ಗುಂಡುಗಳಿದ್ದವು. ಅವುಗಳಲ್ಲಿ ಒಂದು ಹಿಂದಿನ ವರ್ಷದ ಬೇಸಿಗೆಯಲ್ಲೇ ಮುರಿದಿತ್ತು. ಹಂಚು ವಾಲಿ ವಾಲಿ ರೊಟ್ಟಿ ಕೆಡುತ್ತಿತ್ತು. ಈಗ ಒಲೆಯ ಮೇಲೆ ಆ ಎರಡು ಕಬ್ಬಿಣದ ಪಟ್ಟಿಗಳು ಅಡ್ಡಡ್ಡ ಮಲಗಿದ್ದವು. ಹಂಚು ಅವುಗಳ ಮೇಲೆ ಸಮನಾಗಿ ಕೂರುತ್ತಿತ್ತು. ಕೆಂಪವ್ವ ದಿನಾ ಆ ಒಲೆಗೆ ಉರಿ ಹಾಕುತ್ತಿದ್ದಳು, ಆದರೆ ಮಸಿ ಹಿಡಿದ ಪಟ್ಟಿಯನ್ನು ಯಾರು ಅಷ್ಟು ನಿರುಕಿಸಿ ನೋಡುತ್ತಾರೆ? ಗಂಡಸರ ಮಾತಂತೂ ಬಿಡಿ. ಒಲೆಯ ಮೇಲೆ ಆನೆ ಕೂತಿದ್ದರೂ ಅವರಿಗೆ ರೊಟ್ಟಿ ಬಂದರೆ ಸಾಕಿತ್ತು.

ಕಪಾಟಿನ ಸಪ್ಪಳದಿಂದ ನಿಜವಾಗಿ ಕಷ್ಟಕ್ಕೆ ಬಿದ್ದವಳು ಕೆಂಪವ್ವ. ಮಧ್ಯಾಹ್ನ ಊಟವಾಗಿ, ಪಾತ್ರೆ ತಿಕ್ಕಿ, ಅತ್ತೆ ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ಕೂತಾಗ ಮಾತ್ರ ಅವಳಿಗೆ ಓದಲು ಬಿಡುವು. ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಬೆರಳ ತುದಿಯಲ್ಲಿ ಪುಸ್ತಕ ಎಳೆದರೂ ಕಪಾಟು ಬಿಡುತ್ತಿರಲಿಲ್ಲ.

ಕಿರ್‍ರ್.

"ಕೆಂಪವ್ವಾ! ಕಪಾಟ ಕರ್‍ಯಾಕ ಹತ್ತೇತಿ. ಬಾ ಇಲ್ಲೆ, ಮೆಣಸಿನಕಾಯಿ ತೊಟ್ಟ ಮುರಿ."

ಒಂದು ದಿನ ಮೆಣಸಿನಕಾಯಿ, ಒಂದು ದಿನ ಜೋಳ ಹಸನು ಮಾಡುವುದು, ಒಂದು ದಿನ ಏನೂ ಇಲ್ಲದಿದ್ದರೆ ಹಳೆಯ ಕೌದಿಯ ದಾರ ಬಿಚ್ಚುವುದು. ಒಮ್ಮೆ ಕೆಂಪವ್ವ ಉಪಾಯ ಮಾಡಿ ಇಂಗ್ಲಿಷ್ ಪುಸ್ತಕವನ್ನು ಹಾಸಿಗೆ ಸುರುಳಿಯಲ್ಲೇ ಇಟ್ಟುಕೊಂಡಳು. ಸಂಜೆ ಕಸ ಹೊಡೆಯುವಾಗ ಅದು ತಾಯವ್ವನ ಕೈಗೆ ಸಿಕ್ಕಿತು.

"ನನ್ನ ಮಗಾ ಎರಡ ತಿಂಗಳ ಬೀಡಿ ಬಿಟ್ಟು ಕಪಾಟ ತಂದಾನ. ಇಕಿ ಪುಸ್ತಕಾ ಹಾಸಿಗ್ಯಾಗ ಮಲಗಸ್ಯಾಳ! ಕಪಾಟಿನ್ಯಾಗ ಇಡವಾ, ಕಪಾಟಿನ್ಯಾಗ."

ಪುಸ್ತಕ ಕಪಾಟಿಗೇ ಹೋಯಿತು, ಅದೂ ಎಣ್ಣೆ ಹರಿಯುವ ಮೇಲಿನ ಹಲಗೆಗೆ. ಒಂದು ವಾರದ ಮೇಲೆ ಕೆಂಪವ್ವ ತೆಗೆದು ನೋಡಿದರೆ ನಡುವಿನ ಪಾಠಗಳೆಲ್ಲ ಎಣ್ಣೆ ಕುಡಿದು ಕನ್ನಡಿಯಾಗಿದ್ದವು. ಒಂದು ಪುಟ ತೆರೆದರೆ ಹಿಂದಿನ ಅಕ್ಷರ, ಮುಂದಿನ ಅಕ್ಷರ ಎರಡೂ ಕೂಡಿಯೇ ಕಾಣುತ್ತಿದ್ದವು. ಮೊದಲೇ ಅರ್ಥವಾಗದ ಇಂಗ್ಲಿಷು, ಈಗ ಉಲ್ಟಾ ಇಂಗ್ಲಿಷೂ ಸೇರಿಕೊಂಡಿತು. ಕೆಂಪವ್ವ ಕಪಾಟಿನ ಎದುರೇ ಕೂತು ಗಳಗಳ ಅತ್ತುಬಿಟ್ಟಳು.

ಆ ಸಂಜೆ ಅಪ್ಪ ಮಗನಿಗೆ ಜೋರು ಜಗಳವಾಯಿತು. ನಮ್ಮ ಮನೆಯವರೆಗೂ ಕೇಳಿಸಿತು.

"ಆಕೀ ಪುಸ್ತಕಾ ಹಾಳ ಮಾಡಿದಿ! ಈ ಸಲ ನಪಾಸ ಆದ್ರ ನಿನ್ನ ಕುಪ್ಪೀನ ಕಾರಣಾ."

"ನೀ ಸರ್‍ಯಾಗಿ ಕೂಡಿಸಿದ್ರ ನಾ ಯಾಕ ಕುಪ್ಪಿ ಮುಟ್ಟತಿದ್ದೆ? ಬಾಬಾಸಾಹೇಬರ ಫೋಟೋ ದಿನಾ ನಡಗತೈತಿ. ನನಗ ನೋಡಾಕ ಆಗೂದಿಲ್ಲ, ಗೊತ್ತೇನ ನಿನಗ?"

ಮಾವ ರಾತ್ರಿಯ ಊಟಕ್ಕೆ ಮೊದಲು ಸೊಸೆಯ ಪುಸ್ತಕದ ಪುಟಗಳ ನಡುವೆ ಒಲೆಯ ಬೂದಿ ಉದುರಿಸಿ, ಮೇಲೆ ಬೀಸುವ ಕಲ್ಲಿನ ಭಾರ ಹೇರಿದ. ಎಣ್ಣೆ ಸ್ವಲ್ಪ ಹೋಯಿತು, ಬೂದಿ ಸ್ವಲ್ಪ ಉಳಿಯಿತು.

ಹೀಗೆ ಶ್ರಾವಣ ಬಂತು, ಪಂಚಮಿ ಎದುರಾಯಿತು. ರಾಮದುರ್ಗದಿಂದ ಅಣ್ಣ ಕರೆಯಲು ಬಂದ. ಈ ಭಾಗದಲ್ಲಿ ಪಂಚಮಿಗೆ ತವರಿಗೆ ಹೋಗದ ಹೆಣ್ಣಿಲ್ಲ. ಕೆಂಪವ್ವ ಅಣ್ಣನಿಗೆ ಉಂಡಿ ಕಟ್ಟಿಕೊಟ್ಟು, "ಈ ಸಲ ಬ್ಯಾಡ ಅಣ್ಣಾ, ಪರೀಕ್ಷಾ ಐತಿ" ಎಂದು ಬಸ್ಸು ಹತ್ತಿಸಿ ಬಂದಳು.

"ಜೋಕಾಲಿ ಬ್ಯಾಡ, ತವರ ಬ್ಯಾಡ. ಎಂತಾ ಹೆಣ್ಣವಾ ನೀನು?" ಎಂದಳು ತಾಯವ್ವ.

"ನಪಾಸಾದ ಹೆಣ್ಣ, ಅತ್ತಿ. ಪಾಸಾದ ಮ್ಯಾಲ ಜೀಕತೇನಿ."

ಪಂಚಮಿಯ ಹಿಂದಿನ ದಿನ ರೊಟ್ಟಿ ಪಂಚಮಿ. ಮನೆಮನೆಯಲ್ಲಿ ರೊಟ್ಟಿ ಬಡಿದು ಪಲ್ಲೆ, ಚಟ್ನಿ ಹಾಕಿ ಓಣಿಗೆಲ್ಲ ಬೀರಬೇಕು. ಬೇರೆಯವರ ರೊಟ್ಟಿಯೂ ನಮ್ಮ ಮನೆಗೆ ಬರುತ್ತದೆ. ಯಾರ ರೊಟ್ಟಿ ತೆಳ್ಳಗೆ, ಯಾರದು ಸುಟ್ಟಿದೆ ಎಂಬುದು ಮುಂದಿನ ಪಂಚಮಿಯವರೆಗೆ ಮಾತಾಗುತ್ತದೆ. ಹಿಂದಿನ ವರ್ಷ ತಾಯವ್ವನ ರೊಟ್ಟಿಯನ್ನು ಎದುರು ಮನೆಯ ಬಾಯವ್ವ ಎಮ್ಮೆಗೆ ಹಾಕಿದ್ದಳಂತೆ. ಈ ವರ್ಷ ಅದೇ ಬಾಯವ್ವ ಬಾಗಿಲಿಗೆ ಬಂದು, "ತಾಯಕ್ಕಾ, ಹಂಚ ಹೊಸಾದ ತಂದೀಯೇನ? ರೊಟ್ಟಿ ಹಪ್ಪಳ ಆದಂಗ ಆಗ್ಯಾವಲ್ಲ!" ಎಂದಳು. ತಾಯವ್ವ ಸೆರಗು ಸರಿಮಾಡಿಕೊಂಡಳು. ಅತ್ತೆ ಅಷ್ಟು ಖುಷಿಯಾಗಿದ್ದನ್ನು ಕೆಂಪವ್ವ ನೋಡಿಯೇ ಇರಲಿಲ್ಲ.

ಮರುದಿನ ನಾಗಪ್ಪನಿಗೆ ಹಾಲೆರೆಯುವ ದಿನ. ಆ ದಿನ ಒಲೆಯ ಮೇಲೆ ಹಂಚಿಡುವಂತಿಲ್ಲ, ನೆಲ ಅಗೆಯುವಂತಿಲ್ಲ. ಕುದಿಸಿದ ಕಡುಬು, ಉಸುಳಿ, ಉಂಡಿ ಅಷ್ಟೇ. ಹಂಚಿಗೆ ರಜೆ ಎಂದ ಮೇಲೆ ಕೆಂಪವ್ವ ಮುನ್ನಾದಿನ ಸಂಜೆಯೇ ಹಂಚನ್ನೂ ಪಟ್ಟಿಗಳನ್ನೂ ಬಚ್ಚಲಿಗೆ ಒಯ್ದು ಬೂದಿ ಹಾಕಿ ತಿಕ್ಕಿದಳು. ಮಸಿ ಬಿಟ್ಟಂತೆ ಪಟ್ಟಿಯ ತುದಿಯಲ್ಲಿ ಒಂದು ತೂತು ಕಂಡಿತು. ಇನ್ನೊಂದು ತುದಿಯಲ್ಲೂ. ಇನ್ನೊಂದು ಪಟ್ಟಿಗೂ ಹಾಗೇ. ಅವಳು ತಿಕ್ಕುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು ಹೊರಗಿನ ಖೋಲಿಗೆ ಹೋಗಿ ಕಪಾಟಿನ ಬೆನ್ನ ಹಿಂದೆ ಇಣುಕಿದಳು. ಮೂಲೆಗೊಂದು ಖಾಲಿ ತೂತು. ಗೋಡೆಯ ಗೂಡಿನಲ್ಲಿ ನಾಲ್ಕು ಬೋಲ್ಟು.

ಪಂಚಮಿಯ ಮಧ್ಯಾಹ್ನ ತಾಯವ್ವ ಬಾಯವ್ವನ ಜೊತೆ ಹುತ್ತಕ್ಕೆ ಹಾಲೆರೆಯಲು ಹೋದಳು. ಅಪ್ಪ, ಮಗ ಇಬ್ಬರೂ ನಿಂಬೆಹಣ್ಣು ಎಸೆಯುವ ಪಂದ್ಯ ನೋಡಲು ಹೋದರು. ಕೆಂಪವ್ವ ಗಂಡನ ಪಾನಾ ತೆಗೆದುಕೊಂಡಳು. ಕಪಾಟನ್ನು ಗೋಡೆಯಿಂದ ಸರಿಸಿ, ಪಟ್ಟಿಗಳನ್ನು ಮೂಲೆಯಿಂದ ಮೂಲೆಗೆ ಕತ್ತರಿ ಹಾಕಿ, ಒಂದೊಂದೇ ಬೋಲ್ಟು ಬಿಗಿದಳು. ಮತ್ತೆ ಗೋಡೆಗೆ ಒತ್ತಿ ನಿಲ್ಲಿಸಿ ಪುಸ್ತಕ ಎಳೆದಳು. ಸದ್ದಿಲ್ಲ. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಫೋಟೋ ಸಹ ಅಲುಗಲಿಲ್ಲ. ಅವಳಿಗೆ ಓಣಿಯ ಜೋಕಾಲಿಯಲ್ಲಿ ಜೀಕಿದಷ್ಟು ಖುಷಿಯಾಯಿತು.

ಸಂಜೆ ಶಟ್ಟೆಪ್ಪ ಬಂದು ಟೊಪ್ಪಿಗೆ ತೆಗೆದು ಕಪಾಟಿಗೆ ಒರಗಿದ. ಒರಗಿದವನು ನೆಟ್ಟಗಾದ.

"ನಿಂತತೋ! ಸಪ್ಪಳಾ ನಿಂತತೋ! ಹೇಳಿದ್ದೆನಿಲ್ಲ? ಎಣ್ಣಿ ಇಳ್ಯಾಕ ಟೈಮ್ ಬೇಕು."

"ನಿನ್ನೆ ನಾ ಅರ್ಧಾ ಸುತ್ತ ತಿರುವೇನಪಾ. ಅದಕ್ಕ ನಿಂತೇತಿ," ಎಂದ ಲಗಮಣ್ಣ.

"ಅರ್ಧಾ ಸುತ್ತ! ಎರಡ ತಿಂಗಳ ಎಣ್ಣಿ ಬಿಟ್ಟಾಂವ ನಾನು."

"ಎಣ್ಣೀಲೆ ನಿಂತಿದ್ರ ಎರಡ ತಿಂಗಳ ಹಿಂದ ನಿಲ್ಲತಿತ್ತು."

"ತಾಯವ್ವಾ, ನೀನ ಹೇಳು, ಯಾರಿಂದ ನಿಂತತಿ ಇದು?"

ತಾಯವ್ವ ಕಡುಬಿನ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಿರುಗಿ ಬರಿದಾದ ಒಲೆಯ ಕಡೆ ನೋಡಿದಳು. ಸೊಸೆಯ ಕಡೆ ನೋಡಿದಳು.

"ಇಬ್ಬರೂ ಭಾಳ ಶ್ಯಾಣ್ಯಾರ," ಎಂದು ತಾಟು ಇಟ್ಟಳು.

ಮರುದಿನ ಬೆಳಿಗ್ಗೆ ಹಂಚಿನ ರಜೆ ಮುಗಿಯಿತು. ತಾಯವ್ವ ಹಂಚಿಟ್ಟಳು, ಹಂಚು ವಾಲಿತು. ಮೊದಲ ರೊಟ್ಟಿಯ ಒಂದು ಬದಿ ಇದ್ದಿಲಾಯಿತು.

"ನನ್ನ ಪಟ್ಟಿ ಎಲ್ಲಿ?"

"ಕಪಾಟಿನ ಬೆನ್ನಾಗ ಅದಾವ ಅತ್ತಿ. ಅವು ಕಪಾಟಿನವು."

"ಗೊತ್ತೈತಿ."

ಕೆಂಪವ್ವ ಉರಿ ಹಾಕುತ್ತಿದ್ದ ಕೈ ತಡೆದಳು.

"ಗೊತ್ತೈತಿ? ಯಾವಾಗಿಂದ?"

"ಮಣ್ಣೆತ್ತಿನ ಅಮಾಸಿ ಮುಂದ ಕಪಾಟಿನ ಹಿಂದ ಕಸಾ ಹೊಡ್ಯಾಗ ನೋಡಿದ್ನಿ. ನಾ ಸಾಲಿ ಕಲ್ತಿಲ್ಲ. ಆದ್ರ ಯಾವ ತೂತಿಗೆ ಯಾವ ತೂತ ಕೂಡತೈತಿ ಅನ್ನೂದ ತಿಳೀತೈತಿ."

"ತಿಳದೂ ಸುಮ್ನ ಇದ್ರಿ? ನಾ ಪುಸ್ತಕಾ ಹಿಡಕೊಂಡ ಅತ್ತಾಗನೂ ಸುಮ್ನ ಇದ್ರಿ?"

"ಮೊದಲ ರೊಟ್ಟಿ ಸಲುವಾಗಿ ಸುಮ್ನ ಇದ್ನಿ. ರೊಟ್ಟಿ ಪಂಚಮಿ ಬರೂದಿತ್ತು." ತಾಯವ್ವ ಹಂಚನ್ನು ಕೆಳಗಿಳಿಸಿದಳು. "ಆಮ್ಯಾಲ... ಆಮ್ಯಾಲ ಆ ಸಪ್ಪಳಾ ರೂಢಿ ಆತವಾ. ಗಂಡಸರು ಹೊರಗ ಹೋಗತಾರ. ನೀ ಪುಸ್ತಕಾ ಹಿಡದಿ ಅಂದ್ರ ಈ ಊರಾಗ ಇರೂದಿಲ್ಲ. ಮಾರಿ ಇಲ್ಲೆ ಇರತೈತಿ, ನೀ ಎಲ್ಲೋ ಹೋಗಿರತಿ. ಅಷ್ಟ ಉದ್ದ ಮಧ್ಯಾನ್ನ ನಾ ಯಾರ ಕೂಡ ಮಾತಾಡ್ಲಿ? ಜ್ವಾಳದ ಕೂಡ? ಕಪಾಟ ಕಿರ್ ಅಂತಂದ್ರ ನಿನ್ನ ಕರ್‍ಯಾಕ ಒಂದ ನೆವಾ ಸಿಗತಿತ್ತು."

ಕೆಂಪವ್ವ ರಾತ್ರಿಯಿಡೀ ಸಿಟ್ಟಿನ ಮಾತುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು. ಅತ್ತೆ ಒಂಟಿ ಎಂಬುದು ಆ ಸಾಲಿನಲ್ಲಿ ಇರಲಿಲ್ಲ. ಅವಳಿಗೆ ಪಾಪ ಅನ್ನಿಸಿತು. ಆದರೆ ಪಾಪ ಅನ್ನಿಸಿದ ಮಾತ್ರಕ್ಕೆ ಸೋಲುವ ಹೆಣ್ಣಲ್ಲ ಅವಳು.

"ಅತ್ತಿ, ನಾ ನಪಾಸಾದ್ರ ದಿನಾ ನಿಮ್ಮ ಮುಂದ ಕುಂದರತೇನಿ. ಖರೆ, ಮಾತಾಡೂದಿಲ್ಲ."

ತಾಯವ್ವ ಒಲೆಯ ಕಟ್ಟಿಗೆಯನ್ನು ಒಳಗೆ ತಳ್ಳಿದಳು.

"ಹಂಗಾರ ಒಂದ ಕೆಲಸಾ ಮಾಡು. ಇಲ್ಲೆ, ಒಲಿ ಮುಂದ ಕುಂತ ಓದು. ಬಾಯಿ ಬಿಟ್ಟ ಓದು. ನನಗ ಕೇಳಬೇಕು."

"ಇಂಗ್ಲಿಷ್ ಐತಿ ಅತ್ತಿ."

"ಇರ್‍ಲಿ ಬಿಡು. ನಿಮ್ಮ ಮಾವ ಮಾತಾಡೂದರ ನನಗೆಲ್ಲಿ ತಿಳೀತೈತಿ?"

ಇಬ್ಬರೂ ನಕ್ಕುಬಿಟ್ಟರು. ಒಪ್ಪಂದವಾಯಿತು. ಪಂಚಮಿ ಮುಗಿದಿತ್ತು, ಇನ್ನು ನೆಲ ಅಗೆಯಬಹುದಿತ್ತು. ಕೆರೆಯ ಮಣ್ಣು ತಂದು, ಹೊಟ್ಟು ಸೇರಿಸಿ ತುಳಿದು, ಒಲೆಗೆ ಹೊಸ ಗುಂಡು ಮೆತ್ತುವುದು. ಅದು ಒಣಗುವವರೆಗೆ ಪಟ್ಟಿಗಳು ಒಲೆಗೆ, ಒಣಗಿದ ಮೇಲೆ ಕಾಯಂ ಕಪಾಟಿಗೆ. ಗಂಡಸರಿಗೆ ಹೇಳುವುದು ಬೇಡ. ಹೇಳಿದರೆ ಶಟ್ಟೆಪ್ಪನ ಎಣ್ಣೆಯ ಮಾನ, ಲಗಮಣ್ಣನ ಪಾನಾದ ಮಾನ ಎರಡೂ ಹೋಗುತ್ತವೆ, ತಾಯವ್ವನ ಮಾನವೂ ಉಳಿಯುವುದಿಲ್ಲ.

ಮಧ್ಯಾಹ್ನ ಕೆಂಪವ್ವ ಪಟ್ಟಿ ಬಿಚ್ಚಿ ತಂದು ಒಲೆಯ ಮೇಲಿಟ್ಟಳು. ಸಂಜೆ ಶಟ್ಟೆಪ್ಪ ಹೆಮ್ಮೆಯಿಂದ ಬಾಯವ್ವನ ಗಂಡನನ್ನು ಕರೆತಂದು, "ನೋಡ ನಮ್ಮ ಎಣ್ಣಿ ಪವರ್" ಎಂದು ಕಪಾಟು ಮುಟ್ಟಿದ. ಅದು ಹಿಂದೆಂದಿಗಿಂತ ಜೋರಾಗಿ ಕಿರಗುಟ್ಟಿತು. ಬಂದವನು ಎಲೆಅಡಿಕೆಗೂ ಕೂರದೆ ನಗುತ್ತ ಹೋದ. ಅಪ್ಪ ಮಗನ ಮೇಲೆ ಗುಮಾನಿಪಟ್ಟ, ಮಗ ಅಪ್ಪನ ಮೇಲೆ.

"ನೀ ಮತ್ತ ಪಾನಾ ಹಾಕಿದಿ!"

"ನೀ ಮತ್ತ ಎಣ್ಣಿ ಬಿಟ್ಟಿ!"

ಅಡುಗೆಮನೆಯಲ್ಲಿ ಅತ್ತೆ ಸೊಸೆ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದರು. ಮಳೆಯ ದಿನಗಳಾದ್ದರಿಂದ ಗುಂಡು ಒಣಗಲು ಹೊತ್ತು ಹಿಡಿಯಿತು. ಒಣಗಿದ ದಿನ ಕಪಾಟು ತಾನಾಗಿಯೇ ಮೌನವಾಯಿತು. ಈ ಸಲ ಅಪ್ಪ ಮಗ ಇಬ್ಬರೂ ಅದನ್ನು ಮುಟ್ಟುವುದಕ್ಕೇ ಹೆದರಿದರು.

ಒಲೆಯ ಮುಂದಿನ ಓದು ಶುರುವಾಯಿತು. ಬೂದಿ ಹತ್ತಿದ ಆ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪಾಠವಿತ್ತು. ಸಮುದ್ರದ ನಡುವೆ ಒಂದು ಬಂಡೆ, ಅದರ ಮೇಲೆ ದೀಪದ ಕಂಬ, ಅದನ್ನು ಕಾಯುವವ, ಅವನ ಹೆಂಡತಿ. ಕೆಂಪವ್ವ ಹಿಂದೆ ಎರಡೂ ಸಲ ಎಡವಿದ್ದು ಇಂಥ ಪಾಠಗಳಲ್ಲೇ. ಈಗ ಒಂದೊಂದು ಸಾಲಿಗೂ ತಾಯವ್ವ ಅಡ್ಡ ಬಾಯಿ ಹಾಕುತ್ತಿದ್ದಳು.

"ಸಮುದ್ರಕ್ಕ ದೀಪ ಯಾಕವಾ?"

"ಹಡಗದವರಿಗೆ ದಾರಿ ಕಾಣಲಿ ಅಂತ."

"ಅಂವಾ ದೀಪ ಹಚ್ಚಾಕ ಮ್ಯಾಲ ಹೋದ್ರ, ಹೆಂಡತಿ ಯಾರ ಕೂಡ ಮಾತಾಡತಿದ್ಲು?"

"ಪುಸ್ತಕದಾಗ ಬರದಿಲ್ಲ ಅತ್ತಿ."

"ಬರ್‍ಯಾಂವ ಗಂಡಸ ಇರಬೇಕು."

ಕೆಂಪವ್ವ ಬಾಯಿಪಾಠ ಮಾಡಿದ್ದನ್ನೆಲ್ಲ ಬಿಟ್ಟು ತಿಳಿಸಿ ಹೇಳಬೇಕಾಗುತ್ತಿತ್ತು. ತಿಳಿಸಿ ಹೇಳಬೇಕೆಂದರೆ ತಾನು ತಿಳಿಯಬೇಕಾಗುತ್ತಿತ್ತು. ನವರಾತ್ರಿಯ ಹೊತ್ತಿಗೆ ಒಂದು ದಿನ ಅವಳು ಪುಸ್ತಕ ಮುಚ್ಚಿ ಪಾಠ ಒಪ್ಪಿಸುತ್ತಿದ್ದಾಗ ತಾಯವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಒಂದ ಬಿಟ್ಟಿ. 'ದಿ ಸೀ ವಾಜ್ ವೆರಿ ರಫ್' ಅನ್ನೂದ ಎಲ್ಲಿ ಹೋತು?"

ಅದೇ ಹೊತ್ತಿಗೆ ನೀರು ಕುಡಿಯಲು ಬಂದ ಶಟ್ಟೆಪ್ಪ ತಂಬಿಗೆ ಕೈಬಿಟ್ಟ.

ಕೆಂಪವ್ವ ಪಾಸಾದಳೆಂದು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಓಣಿಗೆಲ್ಲ ಪೇಢೆ ಹಂಚಿದರು, ನಾನೂ ತಿಂದಿದ್ದೇನೆ. ನನಗೆ ಹೇಳಬೇಕಾದದ್ದು ಇಂಗ್ಲಿಷ್ ಪರೀಕ್ಷೆಯ ದಿನದ ಮಾತು.

ಅವಳು ಬೆಳಿಗ್ಗೆ ಅತ್ತೆಯ ಕಾಲಿಗೆ ಬಿದ್ದು ಹೋದಳು. ತಾಯವ್ವ ಮಾಮೂಲಿನಂತೆ ಮಧ್ಯಾಹ್ನ ಮೊರ ಹಿಡಿದು ಹಿತ್ತಲ ಬಾಗಿಲಲ್ಲಿ ಕೂತಳು. ಕಲ್ಲು ಯಾವುದು, ಕಾಳು ಯಾವುದು ತಿಳಿಯಲಿಲ್ಲ. ಎದ್ದು ಒಲೆಯ ಮುಂದೆ ಕೂತಳು. ಅಲ್ಲೂ ಕೂರಲಾಗಲಿಲ್ಲ. ಹೊರಗಿನ ಖೋಲಿಗೆ ಬಂದು ಕಪಾಟಿನ ಮುಂದೆ ನಿಂತು, ಒಂದು ಪುಸ್ತಕ ಎಳೆದಳು. ಸದ್ದಿಲ್ಲ. ಒಳಗೆ ತಳ್ಳಿದಳು. ಸದ್ದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಅಲ್ಲಾಡಿಸಿದಳು. ಕಪಾಟು ಮಿಸುಕಲಿಲ್ಲ. ತಾಯವ್ವನ ಕಣ್ಣಲ್ಲಿ ನೀರು ಬಂತು.

"ಏನ್ರಿ! ಲಗಮಾ! ಬರ್‍ರಿ ಇಲ್ಲೆ ಇಬ್ಬರೂ!"

ಕಟ್ಟೆಯ ಮೇಲಿದ್ದ ಶಟ್ಟೆಪ್ಪ, ವಾರದ ರಜೆಯೆಂದು ಮಲಗಿದ್ದ ಲಗಮಣ್ಣ ಇಬ್ಬರೂ ಓಡಿ ಬಂದರು.

"ಏನಾತು?"

"ಕಪಾಟ ಕೆಟ್ಟೈತಿ."

"ಏನಾಗೇತಿ ಅದಕ್ಕ?"

"ಸಪ್ಪಳಾನ ಬರವಲ್ದು."

ಅಪ್ಪ, ಮಗ ಒಬ್ಬರ ಮುಖ ಒಬ್ಬರು ನೋಡಿದರು. ಸಪ್ಪಳ ಬರುವುದು ರೋಗವೋ, ಬರದಿರುವುದು ರೋಗವೋ ಎಂದು ಯೋಚಿಸುವ ಪೈಕಿ ಅವರಲ್ಲ. ಎರಡು ತಿಂಗಳಿಂದ ಕೈ ಕಟ್ಟಿ ಕೂತಿದ್ದರು. ಶಟ್ಟೆಪ್ಪ ಕುಪ್ಪಿ ತಂದ. ಲಗಮಣ್ಣ ಪಾನಾ ತಂದ.

"ಎಣ್ಣಿ ಹೆಚ್ಚಾಗೇತಿ ಅಂತ ನಾ ಮೊದಲ ಹೇಳಿದ್ನಿ."

"ಬಿಗದ ಬಿಗದ ಅದರ ಬಾಯಿ ಕಟ್ಟಿದಿ ನೀನು!"

"ತಡಿ, ಹಿಂದಿಂದ ನೋಡೂಣು," ಎಂದು ಲಗಮಣ್ಣ ಕಪಾಟನ್ನು ಗೋಡೆಯಿಂದ ಎಳೆಯಲು ಕೈಹಾಕಿದ. ಬೆನ್ನಲ್ಲಿ ಮಸಿ ಹಿಡಿದ ಪಟ್ಟಿಗಳಿದ್ದವು. ಏನು ಹೇಳಿ ತಡೆಯಬೇಕೆಂದು ತಿಳಿಯದೆ ಅವಳು ಕಪಾಟನ್ನೇ ತಬ್ಬಿ ನಿಂತಳು.

ಆಗ ಕೆಂಪವ್ವ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ಚಪ್ಪಲಿ ಸಹ ಬಿಡಲಿಲ್ಲ. ಪಾನಾ ಹಿಡಿದ ಗಂಡನನ್ನು, ಕುಪ್ಪಿ ಹಿಡಿದ ಮಾವನನ್ನು ದಾಟಿ ಅತ್ತೆಯನ್ನೇ ನೋಡಿದಳು.

"ಬಂದಿತ್ತತ್ತೀ! ದೀಪದ ಕಂಬದ್ದ ಬಂದಿತ್ತು! ಅವನ ಹೆಂಡತಿ ಬಗ್ಗೆನ ಕೇಳಿದ್ರು!"

"ರಫ್ ಬರದಿಯಿಲ್ಲ?"

"ಬರದ್ನಿ. ಆಕಿ ಯಾರ ಕೂಡ ಮಾತಾಡತಿದ್ಲು ಅನ್ನೂದೂ ಬರದ್ನಿ."

ತಾಯವ್ವ ಕಪಾಟನ್ನು ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಗಂಡಸರ ಕಡೆ ತಿರುಗಿದಳು.

"ಸಾಕು, ಬಿಡ್ರಿ. ಕುಪ್ಪಿ, ಪಾನಾ ಒಳಗ ಇಡ್ರಿ. ಕಪಾಟ ರಿಪೇರಿ ಆತು."